ಸಂಶಯದ ಭಾರವನ್ನು ಹೊರತಕ್ಕವರು ಯಾರು?

ತನ್ನ ಆಶ್ರಯದಲ್ಲಿರುವವರ ಪ್ರಾಣವನ್ನು ಕಾಪಾಡುವ ಹೊಣೆ ಹೊತ್ತವನಿಗೆ, ಎದುರಿನಿಂದ ಬರುತ್ತಿರುವವನು ಶತ್ರುವೋ ದಾರಿಹೋಕನೋ ಎಂಬುದು ತಿಳಿಯದಿದ್ದಾಗ ಆತನ ಕರ್ತವ್ಯವೇನು? ಕಾದು ನೋಡಿದರೆ ತನ್ನವರು ಸಾಯಬಹುದು. ಕಾಯದೆ ಹೊಡೆದರೆ ನಿರಪರಾಧಿಗಳು ಸಾಯಬಹುದು. ಪ್ರಶ್ನೆ ಹೊಸದಲ್ಲ. ಕತ್ತಲಲ್ಲಿ ಹೆಜ್ಜೆಯ ಸಪ್ಪಳ ಕೇಳಿ ದೊಣ್ಣೆ ಎತ್ತಿದ ಕಾವಲುಗಾರನಿಗೂ ಅದು ಎದುರಾಗಿದ್ದುದೇ. ಆದರೆ ಸಮುದ್ರದ ಮೇಲೆ ಸಂಚರಿಸುವ ಯುದ್ಧನೌಕೆಗಳ ವಿಷಯದಲ್ಲಿ ಅದು ತಾಳಿರುವ ಉಗ್ರರೂಪ ಬೇರೆ ಕಡೆ ಕಾಣುವುದು ಅಪರೂಪ. ನೆಲದ ಮೇಲಿನ ಸೈನಿಕನಿಗೆ ಗಡಿಯಿದೆ, ಬೇಲಿಯಿದೆ, ಕಂದಕವಿದೆ. ಹಡಗಿಗೆ ಅಂಥದೊಂದೂ ಇಲ್ಲ. ಸಮುದ್ರ ಎಲ್ಲರ ದಾರಿ. ಮೀನುಗಾರನ ದೋಣಿ, ವರ್ತಕನ ಸರಕಿನ ಹಡಗು, ಮೇಲೆ ಆಕಾಶದಲ್ಲಿ ಪ್ರಯಾಣಿಕರ ವಿಮಾನ ಎಲ್ಲವೂ ಅದೇ ದಾರಿಯಲ್ಲಿ ಸಾಗುತ್ತವೆ. ಶತ್ರುವೂ ಅದೇ ದಾರಿಯಲ್ಲಿ ಬರುತ್ತಾನೆ.

ಗೃಹಸ್ಥನಿಂದ ಸಂಭವಿಸುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿರುವುದು ವಾಚಕರಿಗೆ ತಿಳಿದ ವಿಷಯ. ಆಕ್ರಮಿಸಲು ಬಂದವನನ್ನು ತಡೆಯುವಾಗ ಸಂಭವಿಸುವುದು ವಿರೋಧೀ ಹಿಂಸೆ. ಸಂಕಲ್ಪೀ ಹಿಂಸೆ ಶ್ರಾವಕನಿಗೆ ಸರ್ವಥಾ ವರ್ಜ್ಯ. ಉಳಿದ ಮೂರನ್ನು ಆತ ಶಕ್ತ್ಯನುಸಾರ ಕುಗ್ಗಿಸಿಕೊಳ್ಳುತ್ತ ಹೋಗಬೇಕು. ಶಸ್ತ್ರ ಹಿಡಿಯಬೇಕಾದ ವೃತ್ತಿಯಲ್ಲಿರುವವನಿಗೂ ಧರ್ಮದ ಬಾಗಿಲು ಮುಚ್ಚದಿರಲಿ ಎಂಬುದೇ ಈ ವಿಂಗಡಣೆಯ ಔದಾರ್ಯ. ಆದರೆ ವಿರೋಧೀ ಹಿಂಸೆ ಎನ್ನಬೇಕಾದರೆ ಮೊದಲು ಒಬ್ಬ ವಿರೋಧಿ ಇರಬೇಕು. ಎದುರಿಗಿರುವವನು ವಿರೋಧಿಯೇ ಎಂಬುದು ನಿಶ್ಚಯವಾಗದೆ ಶಸ್ತ್ರ ಪ್ರಯೋಗಿಸಿ, ಸತ್ತವನು ದಾರಿಹೋಕನೆಂದು ಆಮೇಲೆ ತಿಳಿದರೆ, ಆ ಕೃತ್ಯವನ್ನು ಯಾವ ಖಾತೆಗೆ ಬರೆಯುವುದು? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಪರ್ಷಿಯನ್ ಕೊಲ್ಲಿಯಲ್ಲಿ 14 ತಿಂಗಳ ಅಂತರದಲ್ಲಿ ನಡೆದ ಎರಡು ಘಟನೆಗಳು ಇದನ್ನು ಜಗತ್ತಿನ ಮುಂದೆ ತಂದಿಟ್ಟವು.

ಮೊದಲನೆಯದು 1987ರ ಮೇ 17ರ ರಾತ್ರಿಯದು. ಇರಾನ್ ಮತ್ತು ಇರಾಕ್ ದೇಶಗಳ ನಡುವೆ 1980ರಿಂದ ಯುದ್ಧ ನಡೆಯುತ್ತಿತ್ತು. ತೈಲದ ಹಡಗುಗಳ ರಕ್ಷಣೆಗೆಂದು ಅಮೆರಿಕದ ನೌಕಾಪಡೆ ಕೊಲ್ಲಿಯಲ್ಲಿ ಬೀಡುಬಿಟ್ಟಿತ್ತು. ಸ್ಟಾರ್ಕ್ ಎಂಬ ಅಮೆರಿಕನ್ ನೌಕೆಯತ್ತ ಇರಾಕಿನ ಯುದ್ಧವಿಮಾನವೊಂದು ಬರುತ್ತಿರುವುದು ರಾಡಾರಿನಲ್ಲಿ ಬಹಳ ಮೊದಲೇ ಕಂಡಿತ್ತು. ಇರಾಕ್ ಆಗ ಅಮೆರಿಕಕ್ಕೆ ಶತ್ರುವಾಗಿರಲಿಲ್ಲ. ಹಡಗಿನವರು ರೇಡಿಯೋದಲ್ಲಿ ಎರಡು ಸಲ ಗುರುತು ಕೇಳಿದರು, ಉತ್ತರ ಬರಲಿಲ್ಲ. ಸಮೀಪಕ್ಕೆ ಬಂದ ಕ್ಷಿಪಣಿಯನ್ನು ತಾನಾಗಿಯೇ ಹೊಡೆದುರುಳಿಸಬಲ್ಲ ಫ್ಯಾಲಾಂಕ್ಸ್ ತೋಪು ಹಡಗಿನಲ್ಲಿತ್ತು, ಆದರೆ ಅದನ್ನು ಆ ಸ್ಥಿತಿಯಲ್ಲಿ ಇಟ್ಟಿರಲಿಲ್ಲ. ವಿಮಾನ ಎರಡು ಎಕ್ಸೋಸೆಟ್ ಕ್ಷಿಪಣಿಗಳನ್ನು ಬಿಟ್ಟಿತು. ಎರಡೂ ತಗುಲಿದವು. 37 ಮಂದಿ ನಾವಿಕರು ಸತ್ತರು. ಹಡಗನ್ನು ಇರಾನಿನ ತೈಲ ಹಡಗೆಂದು ತಪ್ಪು ತಿಳಿದು ಹೊಡೆದುದಾಗಿ ಹೇಳಿ ಇರಾಕ್ ಕ್ಷಮೆ ಕೇಳಿತು. ಹಡಗಿನ ಕಪ್ತಾನನನ್ನು ಹುದ್ದೆಯಿಂದ ತೆಗೆದು, ವಾಗ್ದಂಡನೆ ವಿಧಿಸಿ, ನಿವೃತ್ತಿಗೊಳಿಸಲಾಯಿತು. ಸಂಶಯದ ಲಾಭವನ್ನು ಅಪರಿಚಿತನಿಗೆ ಕೊಟ್ಟ ಆತನಿಗೆ ಸಿಕ್ಕ ಪ್ರತಿಫಲ ಇದು.

ಇದರಿಂದ ಇತರ ಕಪ್ತಾನರು ಕಲಿತ ಪಾಠವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಶಸ್ತ್ರಪ್ರಯೋಗದ ನಿಯಮಗಳೂ ಪರಿಷ್ಕೃತವಾದವು. ಮೊದಲ ಏಟು ಬೀಳುವವರೆಗೆ ಕಾಯಬೇಕಾಗಿಲ್ಲ, ಎದುರಿನವನಲ್ಲಿ ಹಗೆತನದ ಉದ್ದೇಶ ಕಂಡುಬಂದರೆ ಸಾಕು ಎಂಬುದನ್ನು ಒತ್ತಿ ಹೇಳಲಾಯಿತು. ಕೃತ್ಯ ಕಣ್ಣಿಗೆ ಕಾಣುವಂಥದು, ಉದ್ದೇಶ ಹಾಗಲ್ಲ. ಅದನ್ನು ವೇಗದಿಂದ, ಎತ್ತರದಿಂದ, ದಿಕ್ಕಿನಿಂದ, ಕೊಟ್ಟ ಅಥವಾ ಕೊಡದ ಉತ್ತರದಿಂದ ಊಹಿಸಬೇಕು. ಊಹಿಸುವವನ ಮನಸ್ಸಿನಲ್ಲಿ ಮೊದಲೇ ಒಂದು ಚಿತ್ರ ಇದ್ದರೆ ಊಹೆ ಅದರ ಹಿಂದೆಯೇ ಹೋಗುತ್ತದೆ.

ಎರಡನೆಯ ಘಟನೆ 1988ರ ಜುಲೈ 3ರ ಭಾನುವಾರ ಬೆಳಿಗ್ಗೆ ಹೊರ್ಮುಜ್ ಜಲಸಂಧಿಯಲ್ಲಿ ನಡೆಯಿತು. ವಿನ್ಸೆನ್ಸ್ ಎಂಬುದು ಸುಮಾರು ನೂರು ಕೋಟಿ ಡಾಲರ್ ಬೆಲೆಯ ಯುದ್ಧನೌಕೆ. ನೂರಾರು ಗುರಿಗಳನ್ನು ಏಕಕಾಲದಲ್ಲಿ ಗಮನಿಸಬಲ್ಲ ಏಜಿಸ್ ಎಂಬ ಯಂತ್ರವ್ಯವಸ್ಥೆ ಅದರಲ್ಲಿತ್ತು. ಅದರ ಹೆಲಿಕಾಪ್ಟರಿನತ್ತ ಇರಾನಿನ ಸಣ್ಣ ದೋಣಿಗಳಿಂದ ಗುಂಡು ಹಾರಿತೆಂದು ಕಪ್ತಾನ ವಿಲಿಯಂ ರೋಜರ್ಸ್ ಹಡಗನ್ನು ಆ ದೋಣಿಗಳ ಕಡೆಗೆ ನಡೆಸಿದರು. ಕಾಳಗದ ನಡುವೆ ಹಡಗು ಇರಾನಿನ ಜಲಸೀಮೆಯೊಳಕ್ಕೆ ಹೊಕ್ಕಿತು. ಈ ಸಂಗತಿಯನ್ನು ಅಂದು ಅಮೆರಿಕದ ಸೇನಾ ಮುಖ್ಯಸ್ಥರಾಗಿದ್ದ ಅಡ್ಮಿರಲ್ ವಿಲಿಯಂ ಕ್ರೋ ಅವರು ಒಪ್ಪಿಕೊಂಡುದು 1992ರಲ್ಲಿ. ಅದೇ ಹೊತ್ತಿಗೆ, 10 ಗಂಟೆ 17 ನಿಮಿಷಕ್ಕೆ, ಬಂದರ್ ಅಬ್ಬಾಸ್ ವಿಮಾನನಿಲ್ದಾಣದಿಂದ ಇರಾನ್ ಏರ್ ಸಂಸ್ಥೆಯ 655ನೆಯ ವಿಮಾನ ದುಬೈಗೆ ಹೊರಟಿತು. ಹೊರಡಬೇಕಾದ ಸಮಯಕ್ಕಿಂತ 27 ನಿಮಿಷ ತಡವಾಗಿತ್ತು. ಅರ್ಧ ಗಂಟೆಯೊಳಗೆ ಮುಗಿಯುವ ಪ್ರಯಾಣ. ಒಳಗೆ 16 ಮಂದಿ ಸಿಬ್ಬಂದಿ, 274 ಮಂದಿ ಪ್ರಯಾಣಿಕರು.

ಆ ನಿಲ್ದಾಣ ನಾಗರಿಕರದೂ ಹೌದು, ಸೈನ್ಯದ್ದೂ ಹೌದು. ಅಲ್ಲಿಗೆ ಎಫ್-14 ಯುದ್ಧವಿಮಾನಗಳು ಬಂದಿವೆಯೆಂಬ ಸುದ್ದಿ ಮೊದಲೇ ಹಡಗಿಗೆ ತಲುಪಿತ್ತು. ವಿಮಾನ ಮೇಲೆದ್ದ ಕೂಡಲೇ ಅದರ ಗುರುತಿನ ಸಂಕೇತವನ್ನು ಓದಿದ ನಾವಿಕನಿಗೆ ಸೈನಿಕ ವಿಮಾನದ ಸಂಕೇತ ಕಂಡಿತು. ಓದುವ ಉಪಕರಣದ ನೋಟ ಮುಂದೆ ಸಾಗುತ್ತಿದ್ದ ವಿಮಾನದ ಮೇಲಿರದೆ ನಿಲ್ದಾಣದ ಮೇಲೆಯೇ ಉಳಿದು, ಅಲ್ಲಿದ್ದ ಬೇರೊಂದು ವಿಮಾನದ ಸಂಕೇತವನ್ನು ಹಿಡಿದಿರಬೇಕು ಎಂಬುದು ವಿಚಾರಣೆಯಲ್ಲಿ ಹೊರಬಿದ್ದ ವಿವರಣೆ. ಯಾರೋ ‘ಎಫ್-14’ ಎಂದರು. ಆ ಕ್ಷಣದಿಂದ ನಿಯಂತ್ರಣ ಕೊಠಡಿಯಲ್ಲಿದ್ದವರು ನೋಡುತ್ತಿದ್ದುದು ಪರದೆಯ ಮೇಲಿನ ಬಿಂದುವನ್ನಲ್ಲ, ಆ ಹೆಸರನ್ನು. ಒಬ್ಬ ನಾವಿಕ ನಾಗರಿಕ ವಿಮಾನಗಳ ವೇಳಾಪಟ್ಟಿಯನ್ನು ತೆರೆದು ನೋಡಿದ. ತೋಪು ಹಾರಿದಾಗಲೆಲ್ಲ ದೀಪ ಮಿಣುಕುತ್ತಿದ್ದ ಆ ಕೊಠಡಿಯಲ್ಲಿ ಆತನಿಗೆ ಅದು ಸಿಕ್ಕಲಿಲ್ಲ. ಹಡಗಿನ ಮುಂಭಾಗದ ತೋಪು ಕೆಟ್ಟಿತು, ಇನ್ನೊಂದನ್ನು ಗುರಿಗೆ ತರಲು ಹಡಗನ್ನು ರಭಸದಿಂದ ತಿರುಗಿಸಲಾಯಿತು, ಸಾಮಾನುಗಳು ನೆಲಕ್ಕೆ ಉರುಳಿದವು. ವಿಮಾನ ಕೆಳಗಿಳಿಯುತ್ತಿದೆ, ಹಡಗಿನ ಕಡೆಗೇ ಬರುತ್ತಿದೆ ಎಂದು ಒಬ್ಬರು ಕೂಗಿ ಹೇಳಿದರು.

ವಿಮಾನ ಕೆಳಗಿಳಿಯುತ್ತಿರಲಿಲ್ಲ. ಅದು ತನಗೆ ಗೊತ್ತುಪಡಿಸಿದ ವಾಯುಮಾರ್ಗದಲ್ಲಿ ಮೇಲೇರುತ್ತಲೇ ಇತ್ತು. ಹಡಗಿನ ಯಂತ್ರ ಅದನ್ನು ಸರಿಯಾಗಿಯೇ ದಾಖಲಿಸಿತ್ತು. ಯಂತ್ರದ ದಾಖಲೆಯನ್ನು ನೋಡುತ್ತಿದ್ದವರೇ ವಿರುದ್ಧವಾಗಿ ಓದಿದರು. ಇಪ್ಪತ್ತು ಮೈಲಿಯ ಅಂತರದಲ್ಲಿ ಹೊಡೆಯುವುದೆಂದು ಮೊದಲು ಯೋಚಿಸಿದ್ದ ಕಪ್ತಾನರು ಆಗ ಹೊಡೆಯಲಿಲ್ಲ. ಇನ್ನೂ ಸ್ವಲ್ಪ ತಡೆದರು. ಇದನ್ನು ಅವರ ಪರವಾಗಿ ಹೇಳಲೇಬೇಕು. ಕೊನೆಗೆ, ವಿಚಾರ ತಮ್ಮ ಮುಂದೆ ಬಂದ ನಾಲ್ಕು ನಿಮಿಷಗಳೊಳಗೆ, ಅಪ್ಪಣೆ ಕೊಟ್ಟರು. ಎರಡು ಕ್ಷಿಪಣಿಗಳು ಹಾರಿದವು. ವಿಮಾನ ಆಗ ಸುಮಾರು 13,500 ಅಡಿ ಎತ್ತರದಲ್ಲಿತ್ತು. 290 ಮಂದಿಯೂ ಸತ್ತರು. ಅವರಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು. ಹತ್ತು ಮಂದಿ ಭಾರತೀಯರೂ ಇದ್ದರು. ದುಬೈಗೆ ಹೋಗುತ್ತಿದ್ದ ವಿಮಾನದಲ್ಲಿ ಭಾರತದವರು ಇಲ್ಲದಿದ್ದರೇ ಆಶ್ಚರ್ಯ.

ವಿಮಾನಕ್ಕೆ ಎಚ್ಚರಿಕೆ ಕೊಡಲಿಲ್ಲವೇ? ಪದೇ ಪದೇ ಕೊಟ್ಟಿದ್ದರು. ಬಹುಪಾಲು ಎಚ್ಚರಿಕೆಗಳು ಸೈನಿಕ ತರಂಗಾಂತರದಲ್ಲಿ ಹೋದವು. ಅದನ್ನು ಕೇಳುವ ಉಪಕರಣ ಪ್ರಯಾಣಿಕರ ವಿಮಾನದಲ್ಲಿ ಇರಲಿಲ್ಲ. ನಾಗರಿಕ ತುರ್ತು ತರಂಗಾಂತರದಲ್ಲಿ ಕೆಲವೇ ಸಲ ಕರೆದರು. ಆ ಕರೆ ತಮಗೇ ಎಂದು ಚಾಲಕರಿಗೆ ತಿಳಿಯುವಂತಿರಲಿಲ್ಲ. ಇನ್ನೊಂದು ಸಂಗತಿ ವಿಶೇಷವಾಗಿ ಗಮನಾರ್ಹ. ಆ ಒಂದು ತುರ್ತು ತರಂಗಾಂತರವನ್ನು ಬಿಟ್ಟರೆ, ನಾಗರಿಕ ವಿಮಾನ ಮತ್ತು ನಿಲ್ದಾಣಗಳ ನಡುವೆ ನಡೆಯುವ ಸಾಮಾನ್ಯ ಸಂಭಾಷಣೆಯನ್ನು ಕೇಳುವ ಸಲಕರಣೆ ಹಡಗಿನಲ್ಲಿರಲಿಲ್ಲ. ನೂರು ಕೋಟಿ ಡಾಲರಿನ ನೌಕೆಯಲ್ಲಿ, ಯಾವ ಸಣ್ಣ ವಿಮಾನನಿಲ್ದಾಣದಲ್ಲಿಯೂ ಇರುವಂಥ ಒಂದು ರೇಡಿಯೋ ಇಲ್ಲ! ಅದಿದ್ದಿದ್ದರೆ ಬಂದರ್ ಅಬ್ಬಾಸಿನ ನಿಯಂತ್ರಕರೊಡನೆ ಚಾಲಕರು ಆಡಿದ ಮಾತು ಹಡಗಿಗೂ ಕೇಳಿಸುತ್ತಿತ್ತು.

ಸನಿಹದಲ್ಲಿಯೇ ಸೈಡ್ಸ್ ಎಂಬ ಮತ್ತೊಂದು ಅಮೆರಿಕನ್ ನೌಕೆಯಿತ್ತು. ಅದರ ಮುಖ್ಯಾಧಿಕಾರಿ ಡೇವಿಡ್ ಕಾರ್ಲ್‌ಸನ್. ಅವರೂ ಅದೇ ವಿಮಾನವನ್ನು ನೋಡಿದರು, ಅದೇ ಕೊಲ್ಲಿಯ ಅದೇ ಭಯದಲ್ಲಿದ್ದರು, ಅದೇ ನಿಯಮಗಳಿಗೆ ಬದ್ಧರಾಗಿದ್ದರು. ಆ ವಿಮಾನದಿಂದ ಅಪಾಯವಿಲ್ಲವೆಂದು ಅವರು ತೀರ್ಮಾನಿಸಿದ್ದರು. ಮರುವರ್ಷ ಅವರು ನೌಕಾಪಡೆಯ ವೃತ್ತಿಪತ್ರಿಕೆಯಲ್ಲಿ ವಿನ್ಸೆನ್ಸ್ ನೌಕೆಯ ಆಕ್ರಮಣಶೀಲತೆಯನ್ನು ಬಹಿರಂಗವಾಗಿ ಟೀಕಿಸಿದರು. ಆದುದರಿಂದ, ಆ ಪರಿಸ್ಥಿತಿಯಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು ಎಂಬ ಸಮರ್ಥನೆ ನಿಲ್ಲುವುದಿಲ್ಲ. ಹಾಗೆಂದು ಎರಡು ಹಡಗುಗಳ ಸ್ಥಿತಿ ಸರ್ವಸಮಾನವೂ ಆಗಿರಲಿಲ್ಲ. ಒಂದು ಕಾಳಗದ ನಡುವೆ ಇತ್ತು, ಇನ್ನೊಂದು ಇರಲಿಲ್ಲ. ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಅಮೆರಿಕದ ವಿಚಾರಣಾಧಿಕಾರಿ ರಿಯರ್ ಅಡ್ಮಿರಲ್ ವಿಲಿಯಂ ಫೋಗರ್ಟಿ ಅವರ ವರದಿ ಒತ್ತಡವನ್ನೂ, ಒಂದೇ ಕಲ್ಪನೆಗೆ ಮನಸ್ಸು ಅಂಟಿಕೊಂಡುದನ್ನೂ, ಅರಿವಿಲ್ಲದೆಯೇ ಮಾಹಿತಿ ವಿಕೃತಗೊಂಡುದನ್ನೂ ಕಾರಣವಾಗಿ ಗುರುತಿಸಿತು. ಯಾರನ್ನೂ ಶಿಕ್ಷಿಸಲಿಲ್ಲ. ಕಾಳಗ ನಡೆಯುತ್ತಿದ್ದ ಕಡೆಗೆ ಪ್ರಯಾಣಿಕರ ವಿಮಾನವನ್ನು ಬಿಟ್ಟ ಇರಾನಿನ ಹೊಣೆಯನ್ನೂ ಅದು ಎತ್ತಿ ತೋರಿಸಿತು. ಈ ಆಕ್ಷೇಪಣೆಯಲ್ಲಿ ಸತ್ಯಾಂಶ ಇಲ್ಲವೆನ್ನಲಾಗದು. ಆದರೆ ಕಾಳಗ ಹಠಾತ್ತಾಗಿ ಹೊತ್ತಿಕೊಂಡದ್ದು. ವಾಯುಮಾರ್ಗವೂ ವೇಳಾಪಟ್ಟಿಯೂ ಅದಕ್ಕೆ ಮೊದಲೇ ಪ್ರಕಟವಾಗಿದ್ದವು.

ಪ್ರಮಾದದಿಂದ ಕೂಡಿದ ಪ್ರವೃತ್ತಿಯೇ ಹಿಂಸೆಯ ಮೂಲ ಎಂಬ ಪೂರ್ವಾಚಾರ್ಯರ ನಿರ್ಣಯ ಈ ಸಂದರ್ಭದಲ್ಲಿ ಎಷ್ಟು ಆಳವಾಗಿ ಮುಟ್ಟುತ್ತದೆಂಬುದನ್ನು ನೋಡಬಹುದು. ನಾಲ್ಕು ಮೊಳ ಮುಂದೆ ನೆಲ ನೋಡಿ ಹೆಜ್ಜೆಯಿಡುವ ಮುನಿಯ ಪಾದಕ್ಕೆ ಹಾರಿಬಂದ ಕೀಟ ಸಿಕ್ಕಿ ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆದವನಿಗೆ, ಕೀಟ ಸಾಯದಿದ್ದರೂ ಬಂಧ ತಪ್ಪದು. ಯತ್ನಾಚಾರ ಎಂಬ ಮಾತಿನ ತಾತ್ಪರ್ಯ ಇದು. ಫಲವನ್ನು ನೋಡಿ ದೋಷ ನಿರ್ಣಯಿಸುವ ಲೌಕಿಕ ಕ್ರಮಕ್ಕಿಂತ ಇದು ಭಿನ್ನ. ಲೌಕಿಕ ಕ್ರಮದಲ್ಲಿ ಸ್ಟಾರ್ಕ್‌ನ ಕಪ್ತಾನ ತನ್ನವರನ್ನು ಕಳೆದುಕೊಂಡುದರಿಂದ ದೋಷಿ. ವಿನ್ಸೆನ್ಸ್‌ನ ಕಪ್ತಾನ ತನ್ನವರನ್ನು ಉಳಿಸಿಕೊಂಡುದರಿಂದ ನಿರ್ದೋಷಿ. ಅವರಿಗೆ 1990ರಲ್ಲಿ, ಹಡಗಿನ ಅಧಿಪತ್ಯದ ಅವಧಿಯ ಒಟ್ಟು ಸೇವೆಗಾಗಿ, ಗೌರವ ಪದಕವೊಂದು ದೊರೆಯಿತು. ಆ ಅವಧಿಯೊಳಗೆ 1988ರ ಜುಲೈ 3 ಕೂಡ ಸೇರಿತ್ತು.

ಯತ್ನಾಚಾರದ ದೃಷ್ಟಿಯಿಂದ ನೋಡಿದರೆ, ಕೊನೆಯ ನಾಲ್ಕು ನಿಮಿಷಗಳಲ್ಲಿ ಕಪ್ತಾನನ ಸ್ವಾತಂತ್ರ್ಯ ಬಹಳ ಕಿರಿದು. ಕೆಳಗಿನವರು ಇಳಿಯುತ್ತಿದೆ ಎಂದರೆ ಆತ ಇಳಿಯುತ್ತಿದೆಯೆಂದೇ ನಂಬಬೇಕು. ಪ್ರತಿಯೊಂದು ಅಂಕಿಯನ್ನೂ ತಾನೇ ಎದ್ದುಹೋಗಿ ನೋಡಲು ವೇಳೆಯಿಲ್ಲ. ಅಲ್ಲಿ ಕುಳಿತು ತಪ್ಪು ಹುಡುಕುವುದು ದಡದಲ್ಲಿ ನಿಂತವನಿಗೆ ಸುಲಭ. ನೂರಾರು ನಾವಿಕರ ತಾಯಂದಿರು ಅವರನ್ನು ಆ ಕಪ್ತಾನನ ಕೈಗೆ ಒಪ್ಪಿಸಿದ್ದರು ಎಂಬುದನ್ನೂ, ಸ್ಟಾರ್ಕ್‌ನ 37 ಶವಗಳು ಆತನ ಕಣ್ಣಮುಂದಿದ್ದವು ಎಂಬುದನ್ನೂ ಮರೆತು ಕೊಟ್ಟ ತೀರ್ಪು ನ್ಯಾಯದ ತೀರ್ಪಾಗದು. ಆದರೆ ಆ ನಾಲ್ಕು ನಿಮಿಷಗಳು ತಾವಾಗಿ ಆಕಾಶದಿಂದ ಉದುರಲಿಲ್ಲ. ಸಣ್ಣ ದೋಣಿಗಳನ್ನು ಬೆನ್ನಟ್ಟಿ ಪರದೇಶದ ಜಲಸೀಮೆಯೊಳಕ್ಕೆ ಹೋಗುವ ತೀರ್ಮಾನ ನಾಲ್ಕು ನಿಮಿಷದ್ದಲ್ಲ. ಪ್ರತಿದಿನವೂ ಪ್ರಯಾಣಿಕರ ವಿಮಾನ ಹಾರುವ ದಾರಿಯ ಕೆಳಗೆ ಕಾಳಗಕ್ಕೆ ನಿಲ್ಲುವುದು ನಾಲ್ಕು ನಿಮಿಷದ್ದಲ್ಲ. ನಾಗರಿಕ ರೇಡಿಯೋ ಇಲ್ಲದ ಹಡಗನ್ನು ಅಂಥ ಜನನಿಬಿಡ ಸಮುದ್ರಕ್ಕೆ ಕಳುಹಿಸಿದವರಿಗೆ ತಿಂಗಳುಗಟ್ಟಲೆ ಸಮಯವಿತ್ತು. ಪ್ರಮಾದ ಹೊಕ್ಕದ್ದು ಆ ನಿರಾತಂಕದ ದಿನಗಳಲ್ಲಿ. ಗಡಿಬಿಡಿಯಲ್ಲಿ ಅದು ಹೊರಬಂತು ಅಷ್ಟೆ. ವರ್ಷದ ಕೊನೆಯಲ್ಲಿ ದಿವಾಳಿಯಾದ ಅಂಗಡಿಯ ಲೆಕ್ಕ ತೆಗೆದು ನೋಡಿದವರಿಗೆ ಇದು ಅಪರಿಚಿತವಲ್ಲ. ಬಾಗಿಲು ಮುಚ್ಚಿದ ದಿನ ಬರೆದ ಪುಟದಲ್ಲಿ ತಪ್ಪು ಇರುವುದಿಲ್ಲ. ಅದು ಯುಗಾದಿಯ ಹೊತ್ತಿನ ಪುಟಗಳಲ್ಲಿರುತ್ತದೆ.

ಲೆಕ್ಕದ ಮಾತು ಬಂದುದರಿಂದ ಪರಿಹಾರದ ವಿಷಯವನ್ನೂ ನೋಡಬೇಕು. ಸ್ಟಾರ್ಕ್‌ನಲ್ಲಿ ಸತ್ತ 37 ನಾವಿಕರ ಕುಟುಂಬಗಳಿಗಾಗಿ ಇರಾಕ್ 1989ರಲ್ಲಿ 2 ಕೋಟಿ 70 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿತು. ತಲೆಗೆ ಏಳು ಲಕ್ಷ ಡಾಲರಿಗೂ ಮೇಲೆ. ಇರಾನಿ ಪ್ರಯಾಣಿಕರ ಕುಟುಂಬಗಳಿಗೆ ಅಮೆರಿಕ 1996ರಲ್ಲಿ, ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿದ್ದ ವ್ಯಾಜ್ಯದ ರಾಜಿಯಾಗಿ, 6 ಕೋಟಿ 18 ಲಕ್ಷ ಡಾಲರ್ ಕೊಟ್ಟಿತು. ದುಡಿದು ಸಂಪಾದಿಸುತ್ತಿದ್ದವರಿಗೆ ತಲಾ 3 ಲಕ್ಷ, ಸಂಪಾದನೆ ಇಲ್ಲದವರಿಗೆ ತಲಾ ಒಂದೂವರೆ ಲಕ್ಷ. ಕಾನೂನಿನ ಹೊಣೆಯನ್ನು ಒಪ್ಪಿಕೊಳ್ಳದೆ ಕೊಟ್ಟ ಹಣವದು. ಸಂಪಾದನೆ ಇಲ್ಲದವರು ಎಂದರೆ ಮಕ್ಕಳು, ಗೃಹಿಣಿಯರು, ವೃದ್ಧರು. ನ್ಯಾಯಾಲಯಗಳ ಲೆಕ್ಕಾಚಾರ ಎಲ್ಲ ದೇಶಗಳಲ್ಲಿಯೂ ಹೀಗೆಯೇ. ಅದಕ್ಕೆ ಒಬ್ಬರನ್ನೇ ದೂರುವಂತಿಲ್ಲ. ಆದರೂ ಪಂಚೇಂದ್ರಿಯ ಜೀವಕ್ಕೂ ಅರ್ಧ ಬೆಲೆಯೆಂಬುದೊಂದು ಉಂಟೆಂದು ಓದಿದಾಗ ತಕ್ಕಡಿ ಹಿಡಿದು ಬಾಳಿದವರಿಗೂ ಕೈ ನಡುಗುತ್ತದೆ.

ಈ ದುರಂತದಿಂದ ಅಮೆರಿಕದ ನೌಕಾಪಡೆ ಏನನ್ನೂ ಕಲಿಯಲಿಲ್ಲವೆಂದರೆ ಅಸತ್ಯವಾದೀತು. ಒತ್ತಡದಲ್ಲಿ ಮನುಷ್ಯರು ಹೇಗೆ ತೀರ್ಮಾನಿಸುತ್ತಾರೆಂಬುದನ್ನು ಅರಿಯಲು 1990ರಲ್ಲಿ ಒಂದು ದೀರ್ಘ ಸಂಶೋಧನಾ ಕಾರ್ಯಕ್ರಮ ಆರಂಭವಾಯಿತು. ಅನುಭವಿ ಅಧಿಕಾರಿಗಳು ಎರಡು ಮೂರು ಮಾರ್ಗಗಳನ್ನು ಎದುರೆದುರು ಇಟ್ಟು ತೂಗುವುದು ಕಡಿಮೆಯೆಂದೂ, ಕಂಡದ್ದನ್ನು ಹಿಂದೆ ಕಂಡದ್ದರೊಡನೆ ಹೋಲಿಸಿ ಒಂದು ಕಥೆ ಕಟ್ಟಿಕೊಳ್ಳುತ್ತಾರೆಂದೂ ತಿಳಿದುಬಂತು. ಕಥೆ ಒಮ್ಮೆ ಕೂಡಿಬಂದರೆ ಅದಕ್ಕೆ ಒಗ್ಗದ ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಬರುತ್ತಿರುವುದು ಶತ್ರು ಎಂಬುದಕ್ಕೆ ಇರುವ ಸಾಕ್ಷ್ಯ ಮತ್ತು ಶತ್ರು ಅಲ್ಲ ಎಂಬುದಕ್ಕೆ ಇರುವ ಸಾಕ್ಷ್ಯ ಎರಡನ್ನೂ ಒಂದೇ ಪರದೆಯ ಮೇಲೆ ಅಕ್ಕಪಕ್ಕದಲ್ಲಿ ತೋರಿಸುವ ವ್ಯವಸ್ಥೆಯನ್ನು ರೂಪಿಸಿ ಪರೀಕ್ಷಿಸಿದರು. ಒಂದೇ ನಯವನ್ನು ಹಿಡಿದು ಉಳಿದವನ್ನು ಅಲ್ಲಗಳೆಯುವ ದೋಷವನ್ನು ಏಕಾಂತವೆಂದು ಕರೆದ ಪರಂಪರೆಯವರಿಗೆ ಇದು ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಆದರೂ ವ್ಯವಸ್ಥೆ ಮನುಷ್ಯನನ್ನು ಪೂರ್ತಿಯಾಗಿ ಕಾಯಲಾರದು. ಕೆಂಪು ಸಮುದ್ರದಲ್ಲಿ 2023ರ ಅಕ್ಟೋಬರಿನಿಂದ ಯೆಮೆನಿನ ಹೌತಿಗಳ ಕ್ಷಿಪಣಿಗಳೂ ಚಾಲಕರಹಿತ ವಿಮಾನಗಳೂ ಹಡಗುಗಳ ಮೇಲೆ ಬರತೊಡಗಿದವು. ಎಷ್ಟೋ ಸಲ ನಿಮಿಷವೂ ಸಿಗದೆ ಕ್ಷಣಗಳಲ್ಲಿ ತೀರ್ಮಾನವಾಗಬೇಕಾಯಿತು. 2024ರ ಡಿಸೆಂಬರ್ 22ರಂದು ವಿನ್ಸೆನ್ಸ್‌ನದೇ ವರ್ಗದ, ಅದೇ ಏಜಿಸ್ ವ್ಯವಸ್ಥೆಯ ಗೆಟಿಸ್‌ಬರ್ಗ್ ನೌಕೆ ತನ್ನದೇ ಪಡೆಯ ಯುದ್ಧವಿಮಾನವೊಂದನ್ನು ಹೊಡೆದು ಕೆಡವಿತು. ಚಾಲಕರಿಬ್ಬರೂ ಹೊರಹಾರಿ ಬದುಕಿದರು.

ಸಂಶಯದ ಭಾರ ಒಂದು ಹೆಗಲಿನಿಂದ ಇನ್ನೊಂದಕ್ಕೆ ಹೇಗೆ ಜಾರುತ್ತದೆಂಬುದಕ್ಕೆ ಇನ್ನೊಂದು ಜೋಡಿ ಘಟನೆಗಳಿವೆ. 2000ದ ಅಕ್ಟೋಬರ್ 12ರಂದು ಯೆಮೆನಿನ ಏಡನ್ ಬಂದರಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದ ಕೋಲ್ ಎಂಬ ಅಮೆರಿಕನ್ ನೌಕೆಯ ಬಳಿಗೆ ಒಂದು ಸಣ್ಣ ದೋಣಿ ಬಂತು. ಬಂದರಿನ ಕೆಲಸದ ದೋಣಿಗಳು ಹಾಗೆ ಬಂದುಹೋಗುತ್ತಿದ್ದುದರಿಂದ ಯಾರೂ ಶಂಕಿಸಲಿಲ್ಲ. ಅದರಲ್ಲಿ ಸ್ಫೋಟಕ ತುಂಬಿತ್ತು. 17 ಮಂದಿ ನಾವಿಕರು ಸತ್ತರು. ಯೋಜಿಸಿದ್ದ ರಕ್ಷಣಾ ಕ್ರಮಗಳಲ್ಲಿ ಹಲವನ್ನು ಕೈಗೊಂಡಿರಲಿಲ್ಲವೆಂದು ವಿಚಾರಣೆ ಹೇಳಿತು. ಕೈಗೊಂಡಿದ್ದರೂ ದಾಳಿ ತಪ್ಪುತ್ತಿತ್ತೆನ್ನಲಾಗದು ಎಂದು ಮೇಲಧಿಕಾರಿಗಳು ಯಾರನ್ನೂ ದಂಡಿಸಲಿಲ್ಲ. ಅಲ್ಲಿಂದ ಮುಂದೆ ಹಡಗಿನ ಸಮೀಪಕ್ಕೆ ಬರುವ ಪ್ರತಿಯೊಂದು ಸಣ್ಣ ದೋಣಿಯೂ ಕಾವಲುಗಾರರಿಗೆ ಏಡನ್ನಿನ ದೋಣಿಯಾಗಿ ಕಾಣತೊಡಗಿತು.

ಹನ್ನೆರಡು ವರ್ಷಗಳ ಅನಂತರ, 2012ರ ಜುಲೈ 16ರಂದು, ದುಬೈ ಸಮೀಪದ ಜೆಬೆಲ್ ಅಲಿ ಬಂದರಿನ ಹತ್ತಿರ ರಾಪಹ್ಯಾನಕ್ ಎಂಬ ಅಮೆರಿಕನ್ ಇಂಧನ ಸರಬರಾಜು ನೌಕೆಯತ್ತ ಒಂದು ದೋಣಿ ಬಂತು. ನೌಕೆಯ ರಕ್ಷಣಾತಂಡ ಮೆಷಿನ್ ಗನ್ನಿನಿಂದ ಗುಂಡು ಹಾರಿಸಿತು. ದೋಣಿಯಲ್ಲಿದ್ದವರು ಮೀನುಗಾರರು; ತಮಿಳುನಾಡಿನಿಂದ ದುಡಿಮೆಗೆ ಹೋಗಿದ್ದವರಲ್ಲಿ ಒಬ್ಬ ಸತ್ತ, ಇನ್ನು ಮೂವರು ಭಾರತೀಯರು ಗಾಯಗೊಂಡರು. ಮಾರಕವಲ್ಲದ ಎಚ್ಚರಿಕೆಗಳನ್ನು ಮೊದಲು ಕೊಟ್ಟೆವು, ದೋಣಿ ತಿರುಗಲಿಲ್ಲ ಎಂದು ನೌಕಾಪಡೆ ಹೇಳಿತು. ತಮಗೆ ಯಾವ ಎಚ್ಚರಿಕೆಯೂ ಬರಲಿಲ್ಲವೆಂದು ಬದುಕಿ ಉಳಿದವರು ಹೇಳಿದರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿರಲೇಬೇಕೆಂದೇನೂ ಇಲ್ಲ. ಹೊರ್ಮುಜ್‌ನಲ್ಲಿಯೂ ಎಚ್ಚರಿಕೆಗಳನ್ನು ಕೊಟ್ಟಿದ್ದುದು ನಿಜ, ಅವು ಕೇಳಿಸದಿದ್ದುದೂ ನಿಜ. ಬಲೆ ಎಳೆದು ದಣಿದು ದಡದತ್ತ ಬರುತ್ತಿರುವವನಿಗೆ, ಎತ್ತರದ ಹಡಗಿನ ಮೇಲಿನಿಂದ ಬಂದ ಒಂದು ಬೆಳಕು ಅಥವಾ ಶಬ್ದ ತನ್ನನ್ನು ಕುರಿತದ್ದು, ಅದರ ಅರ್ಥ ಇದು ಎಂದು ತಿಳಿಯಬೇಕಾದರೆ ಅದನ್ನು ಮೊದಲೇ ಯಾರಾದರೂ ಆತನ ಭಾಷೆಯಲ್ಲಿ ಆತನಿಗೆ ಹೇಳಿರಬೇಕು. ಆ ಕೆಲಸಕ್ಕೂ ಹನ್ನೆರಡು ವರ್ಷಗಳ ಅವಕಾಶವಿತ್ತು.